ಮಂಗಳದಲ್ಲಿ ತೊಂದರೆ, ಭೂಮಿಯಲ್ಲಿ ತನಿಖೆ

1997ರ ಜುಲೈ 4ರಂದು ಅಮೆರಿಕದ 'ಪಾತ್‌ಫೈಂಡರ್' ನೌಕೆ ಗಾಳಿಚೀಲಗಳ ಮೇಲೆ ಪುಟಿಯುತ್ತ ಮಂಗಳದ ನೆಲ ಮುಟ್ಟಿತು. ಪುಟ್ಟ ಗಾಡಿ 'ಸೋಜರ್ನರ್' ಕೆಳಗಿಳಿದು ಓಡಾಡಿತು. ಆದರೆ ಹವಾಮಾನದ ಮಾಹಿತಿ ಸಂಗ್ರಹ ಆರಂಭವಾದ ಮೇಲೆ ನೌಕೆಯ ಗಣಕ ಆಗಾಗ ಇದ್ದಕ್ಕಿದ್ದಂತೆ ನಿಂತು, ಮತ್ತೆ ಮೊದಲಿನಿಂದ ಶುರುವಾಗತೊಡಗಿತು. ಆ ದಿನದ ಉಳಿದ ಕೆಲಸವೆಲ್ಲ ಮರುದಿನಕ್ಕೆ!

ರೇಡಿಯೋ ಸಂಕೇತ ಅಲ್ಲಿಗೆ ತಲುಪಲೇ ಆಗ ಹತ್ತು ನಿಮಿಷಕ್ಕೂ ಹೆಚ್ಚು ಬೇಕಿತ್ತು. ರಿಪೇರಿಯವರನ್ನು ಕಳಿಸುವ ಮಾತೇ ಇಲ್ಲ. ದೋಷ ಹುಡುಕುವುದು ಹೇಗೆ?

ಲೆಕ್ಕಕ್ಕೆ ಬರೀ ಉತ್ತರ ಬರೆದರೆ ಎಲ್ಲಿ ತಪ್ಪಾಯಿತೆಂದು ಯಾವ ಮೇಷ್ಟರಿಗೂ ತಿಳಿಯದು; ಹಂತಗಳಿದ್ದರೆ ತಿಳಿಯುತ್ತದೆ. ತಂತ್ರಾಂಶ ತಜ್ಞರೂ ಯಾವ ಕೆಲಸ ಯಾವಾಗ ಶುರುವಾಯಿತು, ಯಾವುದಕ್ಕಾಗಿ ಕಾಯಿತು ಎಂಬುದನ್ನು ಗಣಕವೇ ಬರೆದಿಡುವಂತೆ ಏರ್ಪಾಡು ಮಾಡುತ್ತಾರೆ. ಇದೇ 'ಲಾಗ್'. ಆದರೆ ಇದು ಬಲು ಬೇಗ ಬೆಟ್ಟದಷ್ಟಾಗುತ್ತದೆ. ಮಂಗಳದಿಂದ ಅಷ್ಟನ್ನೂ ತರಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ.

ಹೊಸ ಸಾಲು ಬಂದಂತೆ ಹಳೆಯದು ಅಳಿಸಿಹೋಗುವ ಸ್ಲೇಟಿನಂಥ ಜಾಗದಲ್ಲಿ ತಜ್ಞರು ಲಾಗ್ ಬರೆಯಿಸಿದ್ದರು. ಜೊತೆಗೊಂದು ಷರತ್ತು: ಇಂಥ ದೋಷ ಕಂಡ ಕೂಡಲೇ ಬರೆಯುವುದನ್ನು ನಿಲ್ಲಿಸಿ, ಇರುವ ದಾಖಲೆಯನ್ನು ಹೊರಹಾಕಬೇಕು. ಪರೀಕ್ಷಿಸಿದ್ದನ್ನೇ ಹಾರಿಸಬೇಕು ಎಂಬುದು ಅವರ ನಿಯಮ. ಹಾಗಾಗಿ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲೂ ಅದೇ ತಂತ್ರಾಂಶವಿತ್ತು. ಮಂಗಳದಲ್ಲಿ ನಡೆದ ಕೆಲಸಗಳನ್ನೇ ಅಲ್ಲಿ ಮತ್ತೆ ಮತ್ತೆ ಮಾಡಿಸಿದರು. 18 ಗಂಟೆಯೊಳಗೆ ಅದೇ ದೋಷ ಮರುಕಳಿಸಿತು. ಲಾಗ್ ಕೈಗೆ ಸಿಕ್ಕಿತು.

ಅದರಲ್ಲಿ ಕಂಡದ್ದು ವಿಚಿತ್ರ. ಹವಾಮಾನದ ಕೆಲಸಕ್ಕೆ ಆದ್ಯತೆ ಕಡಿಮೆ. ಆದರೂ ಮಾಹಿತಿ ಹಂಚುವ ಮುಖ್ಯ ಕೆಲಸಕ್ಕೂ ಬೇಕಾದ ಬೀಗದ ಕೈ ಕೆಲವೊಮ್ಮೆ ಅದರ ಬಳಿ ಇರುತ್ತಿತ್ತು. ಅದು ಕೀಲಿಯನ್ನು ಹಿಂದಿರುಗಿಸುವ ಮುನ್ನವೇ ನಡುವಣ ಆದ್ಯತೆಯ ಬೇರೆ ಕೆಲಸಗಳು ನುಗ್ಗಿ ಗಣಕವನ್ನು ಆಕ್ರಮಿಸಿಕೊಳ್ಳುತ್ತಿದ್ದವು. ದೊಡ್ಡವರು ಬಾಗಿಲಲ್ಲೇ ನಿಂತಂತಾಯಿತು! ಸೆಕೆಂಡಿನ ಎಂಟನೇ ಒಂದು ಭಾಗದೊಳಗೆ ಮುಗಿಯಬೇಕಾದ ಮುಖ್ಯ ಕೆಲಸ ಮುಗಿಯದ್ದನ್ನು ಕಂಡು ಕಾವಲು ಕಾರ್ಯಕ್ರಮವು ಗಣಕವನ್ನೇ ಮರಳಿ ಶುರುಮಾಡುತ್ತಿತ್ತು.

ಕೀಲಿ ಹಿಡಿದಿರುವಷ್ಟು ಹೊತ್ತು ಚಿಕ್ಕ ಕೆಲಸಕ್ಕೂ, ಕಾಯುತ್ತಿರುವ ದೊಡ್ಡದರ ಆದ್ಯತೆಯನ್ನೇ ಕೊಡುವುದು ಇದಕ್ಕೆ ಪರಿಹಾರ. ಆ ಸೌಲಭ್ಯ ತಂತ್ರಾಂಶದಲ್ಲಿ ಮೊದಲೇ ಇತ್ತು, ಚಾಲೂ ಮಾಡಿರಲಿಲ್ಲ ಅಷ್ಟೆ. ಪ್ರಯೋಗಾಲಯದಲ್ಲಿ ಚೆನ್ನಾಗಿ ಪರೀಕ್ಷಿಸಿದ ಮೇಲೆ ಬದಲಾವಣೆಯನ್ನು ರೇಡಿಯೋ ಮೂಲಕ ಮಂಗಳಕ್ಕೆ ಕಳಿಸಲಾಯಿತು. ಪಾತ್‌ಫೈಂಡರ್ ಕೊನೆಯ ಬಾರಿ ಮಾಹಿತಿ ಕಳಿಸಿದ್ದು ಆ ವರ್ಷದ ಸೆಪ್ಟೆಂಬರ್ 27ರಂದು.