ಇಶಾಪುರದ ರೈಫಲ್‌ಗೆ ಓಹಾಯೊದಲ್ಲಿ ಗಿರಾಕಿ

ಕೋಲ್ಕತ್ತದ ಉತ್ತರಕ್ಕೆ, ಹೂಗ್ಲಿ ನದಿಯ ದಂಡೆಯಲ್ಲಿರುವ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ‘2ಎ1’ ರೈಫಲ್ ನಮ್ಮ ದೇಶದ ಯಾವ ಬಂದೂಕಿನಂಗಡಿಯಲ್ಲೂ ಸಿಗುವುದಿಲ್ಲ. ಹೇಗೋ ಸಿಕ್ಕಿ ಮನೆಯಲ್ಲಿಟ್ಟುಕೊಂಡರೆ ಪೊಲೀಸರು ಬಂದೇ ಬರುತ್ತಾರೆ. ಅದೇ ರೈಫಲ್ ಅಮೆರಿಕದ ಓಹಾಯೊದಲ್ಲೋ ಟೆನೆಸ್ಸಿಯಲ್ಲೋ ನಡೆಯುವ ಗನ್ ಶೋಗಳಲ್ಲಿ ಬೆಲೆಚೀಟಿ ಅಂಟಿಸಿಕೊಂಡು ಮೇಜಿನ ಮೇಲೆ ಮಲಗಿರುತ್ತದೆ. ಪಳಗಿದ ಗಿರಾಕಿ ಅದನ್ನು ಎತ್ತಿಕೊಂಡು ಗುರಿ ಹಿಡಿದು ನೋಡುವುದಿಲ್ಲ. ಮರದ ಹಿಂದಸ್ತು ಶುರುವಾಗುವಲ್ಲಿ ಇರುವ ಉಕ್ಕಿನ ಪಟ್ಟಿಯನ್ನು ಬೆಳಕಿಗೆ ಹಿಡಿಯುತ್ತಾನೆ. ಅಲ್ಲಿ ಅಶೋಕ ಸ್ತಂಭದ ಸಿಂಹಗಳಿರಬೇಕು, ‘ಆರ್‌ಎಫ್‌ಐ’ (ರೈಫಲ್ ಫ್ಯಾಕ್ಟರಿ ಇಶಾಪುರ) ಎಂಬ ಅಕ್ಷರಗಳಿರಬೇಕು, ಇಸವಿ ಇರಬೇಕು. ಆಮೇಲೆ ಬೋಲ್ಟ್ ಮೇಲಿನ ನಂಬರಿಗೂ ರೈಫಲ್ ಮೈಮೇಲಿನ ನಂಬರಿಗೂ ತಾಳೆ ನೋಡುತ್ತಾನೆ. ಕೊನೆಗೆ ಹಿಂದಸ್ತಿನ ಹಿಂಬದಿಯ ಪುಟ್ಟ ಮುಚ್ಚಳವನ್ನು ಉಗುರಿನಿಂದ ಎತ್ತುತ್ತಾನೆ. ಅದೃಷ್ಟವಿದ್ದರೆ ಒಳಗೆ ಎಣ್ಣೆಯ ಕುಪ್ಪಿ, ನಳಿಗೆ ಒರೆಸುವ ಹಗ್ಗ ಎರಡೂ ಹಾಗೇ ಇರುತ್ತವೆ. ಹಗ್ಗದ ತುದಿಗೆ ಹಿತ್ತಾಳೆಯ ತೂಕ ಕಟ್ಟಿರುತ್ತದೆ.

ಸೇನೆಗಳು ಕೈಬಿಟ್ಟ ಇಂಥ ಹಳೆಯ ರೈಫಲ್‌ಗಳನ್ನು ಕೊಂಡು, ತೊಳೆದು, ಓದಿ, ಭಾನುವಾರ ರೇಂಜಿಗೆ ಒಯ್ದು ಹೊಡೆಯುವ ಹವ್ಯಾಸ ಅಮೆರಿಕದಲ್ಲಿ ದೊಡ್ಡದಾಗಿ ಬೆಳೆದಿದೆ. ‘ಮಿಲಿಟರಿ ಸರ್ಪ್ಲಸ್’ ಎಂಬುದನ್ನು ಮೊಟಕುಗೊಳಿಸಿ ‘ಮಿಲ್‌ಸರ್ಪ್’ ಎನ್ನುತ್ತಾರೆ. ‘ಓದಿ’ ಎಂದದ್ದು ಸುಮ್ಮನೆ ಅಲ್ಲ. ಹೊಡೆಯುವುದು ಈ ಹವ್ಯಾಸದ ಸಣ್ಣ ಪಾಲು. ಮುಕ್ಕಾಲು ಭಾಗ ಗುರುತು ಪತ್ತೆ ಹಚ್ಚುವುದರಲ್ಲಿ, ಉಳಿದದ್ದರಲ್ಲಿ ಬಹುಪಾಲು ತುಕ್ಕಿನ ಜೊತೆಗಿನ ಜಗಳದಲ್ಲಿ ಕಳೆಯುತ್ತದೆ.

ಇಶಾಪುರದ ಕೂಸಿನ ಮೂಲಪುರುಷ ಲೀ-ಎನ್‌ಫೀಲ್ಡ್. ನಮ್ಮ ಪೊಲೀಸ್ ಠಾಣೆಗಳಲ್ಲಿ ‘ತ್ರೀ ನಾಟ್ ತ್ರೀ’ ಎಂದೇ ಹೆಸರಾದದ್ದು. ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟು, ಲಂಡನ್ ಉತ್ತರದ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ ಸೇರಿ 1895ರಲ್ಲಿ ಬ್ರಿಟಿಷ್ ಸೇನೆಗೆ ಬಂತು. 1907ರ ‘ಮಾರ್ಕ್ 3’ ಮಾದರಿ ಮೊದಲ ಮಹಾಯುದ್ಧದ ಕಂದಕಗಳನ್ನು ಕಂಡಿತು. ಮ್ಯಾಗಜಿನ್ನಿನಲ್ಲಿ 10 ತೋಟಾ. ಒಂದು ನಿಮಿಷಕ್ಕೆ 15 ಗುಂಡು, 300 ಗಜ ದೂರಕ್ಕೆ, ಗುರಿ ಹಿಡಿದು ಹೊಡೆಯುವುದು ಆಗಿನ ಬ್ರಿಟಿಷ್ ಸಿಪಾಯಿಯ ಕವಾಯತಿನ ಲೆಕ್ಕ. ಇಶಾಪುರದಲ್ಲಿ ಮೊದಲಿದ್ದದ್ದು ಮದ್ದಿನ ಕಾರ್ಖಾನೆ. ರೈಫಲ್ ಕೆಲಸ ಅಲ್ಲಿಗೆ ಬಂದದ್ದು 1904ರಲ್ಲಿ.

1962ರ ಚೀನಾ ಯುದ್ಧ ನಮ್ಮ ಸೇನೆಯ ಹಳೇ ಸರಂಜಾಮನ್ನು ಬಯಲಿಗೆಳೆಯಿತು. ಹೊಸ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್) ರೈಫಲ್‌ಗಳು ಬೇಕಾದಷ್ಟು ಬೇಗ ತಯಾರಾಗುತ್ತಿರಲಿಲ್ಲ. ಇಶಾಪುರದವರು ತಮಗೆ ಕರತಲಾಮಲಕವಾಗಿದ್ದ ಮಾರ್ಕ್ 3 ವಿನ್ಯಾಸವನ್ನೇ ಎತ್ತಿಕೊಂಡು, ಇನ್ನೂ ಗಟ್ಟಿ ಉಕ್ಕು ಹಾಕಿ, ನ್ಯಾಟೊ ದೇಶಗಳ 7.62 ಮಿ.ಮೀ. ತೋಟಾ ನುಂಗುವಂತೆ ಮಾಡಿದರು. ಮ್ಯಾಗಜಿನ್ ಚೌಕವಾಯಿತು, 12 ತೋಟಾ ಹಿಡಿಯಿತು. ಗುರಿ ಹಿಡಿಯುವ ಹಿಂಗಣ್ಣಿನ ಪಟ್ಟಿಯಲ್ಲಿ ದೂರ ತೋರಿಸುತ್ತಿದ್ದ 2000ದ ಗುರುತನ್ನು 2ಎ1ರಲ್ಲಿ 800ಕ್ಕೆ ಇಳಿಸಿದರು. ಅಷ್ಟು ದೂರಕ್ಕೆ ಯಾರೂ ಗುರಿಯಿಟ್ಟು ಹೊಡೆಯುವುದಿಲ್ಲ ಎಂಬ ಸತ್ಯವನ್ನು ಕೊನೆಗೂ ಒಬ್ಬ ಎಂಜಿನಿಯರ್ ಒಪ್ಪಿಕೊಂಡಿರಬೇಕು. ಸೇನೆಗೆಂದೇ ರೂಪಿಸಿದ ಕೊನೆಯ ಬೋಲ್ಟ್ ರೈಫಲ್‌ಗಳಲ್ಲಿ ಇದೂ ಒಂದು.

ಇಂಥವು ಅಮೆರಿಕ ಸೇರಿದ ದಾರಿ ನೆಟ್ಟಗಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಯುರೋಪಿನ ಉಗ್ರಾಣಗಳಲ್ಲಿ ಲಕ್ಷಗಟ್ಟಲೆ ರೈಫಲ್ ಕೊಳೆಯುತ್ತಿದ್ದವು. ಸಿಐಎಯಲ್ಲಿ ಕೆಲಸ ಮಾಡಿ ಹೊರಬಂದ ಸ್ಯಾಮ್ಯುಯೆಲ್ ಕಮಿಂಗ್ಸ್ ಎಂಬಾತ 1953ರಲ್ಲಿ ವ್ಯಾಪಾರ ಶುರುಮಾಡಿ, ಅವನ್ನೆಲ್ಲ ಗುಜರಿ ಬೆಲೆಗೆ ಎತ್ತಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ, ಪೊಟೊಮ್ಯಾಕ್ ನದಿ ದಂಡೆಯ ಗೋದಾಮುಗಳಲ್ಲಿ ಪೇರಿಸಿದ. ಆಗ ಕೂಪನ್ ತುಂಬಿ ದುಡ್ಡು ಕಳಿಸಿದರೆ ಅಂಚೆಯಲ್ಲೇ ರೈಫಲ್ ಬರುತ್ತಿತ್ತು. 1963ರಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಷಿಕಾಗೋದ ಅಂಗಡಿಯೊಂದರಿಂದ ಸುಳ್ಳು ಹೆಸರಿನಲ್ಲಿ ತರಿಸಿಕೊಂಡದ್ದೂ ಹಾಗೇ: ದುರ್ಬೀನು ಸಮೇತ ಇಟಲಿಯ ಹಳೇ ಕಾರ್ಕಾನೊ, ಬೆಲೆ 19.95 ಡಾಲರ್. ಅದರ ಗುಂಡಿಗೇ ಅಧ್ಯಕ್ಷ ಕೆನಡಿ ಸತ್ತರು. 1968ರ ಕಾನೂನು ಅಂಚೆ ವ್ಯಾಪಾರವನ್ನೂ ವಿದೇಶಿ ಸೇನೆಗಳ ಹಳೇ ಮಾಲಿನ ಆಮದನ್ನೂ ನಿಲ್ಲಿಸಿತು.

1980ರ ದಶಕದ ನಡುವೆ ಸಂಗ್ರಹಯೋಗ್ಯ ಎನಿಸಿದ ಹಳೆಯವಕ್ಕೆ ಬಾಗಿಲು ಮತ್ತೆ ತೆರೆಯಿತು. 50 ವರ್ಷ ತುಂಬಿದ ಬಂದೂಕಿಗೆ ಅಲ್ಲಿ ಬೇರೆಯೇ ವರ್ಗ, ಬೇರೆಯೇ ಲೈಸೆನ್ಸು. ಮೂರು ವರ್ಷಕ್ಕೆ 30 ಡಾಲರ್ ಕಟ್ಟಿದ ಸಂಗ್ರಾಹಕನ ಮನೆಬಾಗಿಲಿಗೇ ರೈಫಲ್ ಬರಬಹುದು. ಬಂದದ್ದು, ಹೋದದ್ದನ್ನೆಲ್ಲ ಅವನು ಪುಸ್ತಕದಲ್ಲಿ ಬರೆದಿಡಬೇಕು.

ಸೋವಿಯತ್ ಒಕ್ಕೂಟ ಬಿದ್ದ ಮೇಲಂತೂ ಸುಗ್ಗಿ. ರಷ್ಯಾದ ಮೊಸಿನ್-ನಗಾಂತ್ 20 ರೈಫಲ್‌ಗಳ ಮರದ ಪೆಟ್ಟಿಗೆಗಳಲ್ಲಿ ಬಂತು. ಒಂದಕ್ಕೆ ನೂರು ಡಾಲರೂ ಇರಲಿಲ್ಲ. ಪ್ರತಿಯೊಂದೂ ‘ಕಾಸ್ಮೊಲಿನ್’ ಎಂಬ ಕಂದು ಜಿಡ್ಡಿನಲ್ಲಿ ಮುಳುಗಿರುತ್ತಿತ್ತು. ತುಕ್ಕು ತಡೆಯಲು ಬಳಿದ ಈ ಜಿಡ್ಡು ದಶಕಗಳಲ್ಲಿ ಮರದೊಳಕ್ಕೂ ಇಳಿದಿರುತ್ತದೆ. ಬೇಸಿಗೆಯಲ್ಲಿ ಹಿಂದಸ್ತನ್ನು ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಸಿಲಿಗಿಟ್ಟರೆ ಬೆವರಿದಂತೆ ಹೊರಗೆ ಬರುತ್ತದೆ, ಮತ್ತೆ ಒರೆಸಿ ಮತ್ತೆ ಇಡಬೇಕು. ಇಷ್ಟಾದ ಮೇಲೂ ರೇಂಜಿನಲ್ಲಿ ನಳಿಗೆ ಕಾದಾಗ ಅಂಗೈಗೆ ಅಂಟುತ್ತದೆ.

ಸ್ವಿಟ್ಜರ್‌ಲೆಂಡಿನ ಕೆ31 ಕೊಂಡವರಿಗೆ ಇನ್ನೊಂದು ಆಸೆ. ಹಿಂದಸ್ತಿನ ಹಿಂಬದಿಯ ಲೋಹದ ತಗಡು ಬಿಚ್ಚಿದರೆ ಕೆಲವದರಲ್ಲಿ ಒಂದು ಚೀಟಿ ಸಿಗುತ್ತದೆ: ಆ ರೈಫಲ್ ಹೊತ್ತಿದ್ದ ಸಿಪಾಯಿಯ ಹೆಸರು, ದಳ, ಊರು. ಚೀಟಿ ಹಿಡಿದು ಪತ್ರ ಬರೆದು, ಬದುಕಿರುವ ಮುದುಕನಿಂದ ಉತ್ತರ ಪಡೆದವರೂ ಇದ್ದಾರೆ.

ಓದಲು ಬಾರದವನಿಗೆ ಟೋಪಿ ಬೀಳುವುದೂ ಇಲ್ಲೇ. ಪೇಷಾವರದ ಬಳಿಯ ದರ್ರಾ ಆದಮ್ ಖೇಲ್‌ನ ಕಮ್ಮಾರರು ಅರ ಹಿಡಿದು ಬ್ರಿಟಿಷ್ ರೈಫಲ್‌ಗಳ ಪಡಿಯಚ್ಚು ತೆಗೆಯುವುದರಲ್ಲಿ ನಿಸ್ಸೀಮರು. ಮುದ್ರೆಯಲ್ಲಿ ಮಾತ್ರ ಸಿಕ್ಕಿಬೀಳುತ್ತಾರೆ. ‘ಎನ್’ ಅಕ್ಷರ ತಿರುಗುಮುರುಗಾಗಿರುತ್ತದೆ. ಇಲ್ಲವೇ ವಿಕ್ಟೋರಿಯಾ ರಾಣಿಯ ಮೊಹರಿನ ಕೆಳಗೆ 1905 ಅಂತಲೋ 1912 ಅಂತಲೋ ಇರುತ್ತದೆ. ರಾಣಿ ತೀರಿಕೊಂಡದ್ದು 1901ರಲ್ಲಿ.

ಇನ್ನು ಹೊಡೆಯುವ ಮಾತು. .303 ತೋಟಾದ ಬುಡಕ್ಕೆ ಹೊರಚಾಚಿದ ಅಂಚಿದೆ. ಐದೈದು ತೋಟಾಗಳ ಕ್ಲಿಪ್ಪನ್ನು ಮ್ಯಾಗಜಿನ್ನಿಗೆ ಹೆಬ್ಬೆರಳಿನಿಂದ ಒತ್ತುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಮುಂದೆ ಕೂರಬೇಕು. ಹಿಂದೆ ಕೂತರೆ ಎರಡೂ ಕೊಕ್ಕೆ ಹಾಕಿಕೊಂಡು ರೈಫಲ್ ಮೊಂಡಾಟ ಹೂಡುತ್ತದೆ. ಹಳೆಯ .303ರ ಒಳಗಿರುವ ಕಾರ್ಡೈಟ್ ಮದ್ದು ಪುಡಿಯಲ್ಲ; ತೋಟಾ ಬಿಚ್ಚಿದರೆ ಶ್ಯಾವಿಗೆಯ ಹಾಗೆ ಎಳೆ ಎಳೆಯಾಗಿ ಹೊರಬರುತ್ತದೆ. ಪುಣೆಯ ಖಡ್ಕಿ ಕಾರ್ಖಾನೆಯ ‘ಕೆಎಫ್’ ಗುರುತಿನ ತೋಟಾಗಳೂ ಅಮೆರಿಕದ ಸಂಗ್ರಾಹಕರಿಗೆ ಪರಿಚಿತವೇ. ಮುದಿ ತೋಟಾಗಳಲ್ಲಿ ಕುದುರೆ ಎಳೆದಾಗ ‘ಟಕ್’ ಎಂದು ಸುಮ್ಮನಾಗಿ, ಒಂದು ಉಸಿರು ಬಿಟ್ಟು ‘ಢಂ’ ಎನ್ನುವ ದುರಭ್ಯಾಸವಿದೆ. ಆದ್ದರಿಂದ ಹಾರದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾಯದೆ ಬೋಲ್ಟ್ ಮುಟ್ಟಬಾರದೆಂಬುದು ರೇಂಜಿನ ನಿಯಮ.

ಹಳೇ ತೋಟಾಗಳ ಬುಡದ ಕಿಡಿಮದ್ದು ಉರಿದ ಮೇಲೆ ನಳಿಗೆಯಲ್ಲಿ ಉಪ್ಪು ಉಳಿಯುತ್ತದೆ, ಗಾಳಿಯ ತೇವ ಹೀರಿ ರಾತ್ರೋರಾತ್ರಿ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ರೇಂಜಿನಿಂದ ಬಂದವರು ಸ್ನಾನಕ್ಕೂ ಮೊದಲು ಕೆಟಲಿನಲ್ಲಿ ನೀರು ಕಾಯಿಸಿ ನಳಿಗೆಗೆ ಸುರಿಯುವುದು ಅದಕ್ಕೇ. ನೀರು ಕಂಡರೆ ಹೆದರಬೇಕಾದ ಉಕ್ಕಿಗೆ ಬಿಸಿನೀರೇ ಮದ್ದು.

ಈ ಹವ್ಯಾಸಕ್ಕೆ ಅಲ್ಲಿ ಒಂದು ಸಂಸ್ಥೆಯ ಬೆಂಬಲವೂ ಇದೆ. ನಾಗರಿಕರಿಗೆ ಗುರಿ ಕಲಿಸಿದರೆ ಯುದ್ಧಕಾಲಕ್ಕೆ ಒಳ್ಳೆಯದೆಂದು 1903ರಲ್ಲಿ, ಥಿಯೊಡೋರ್ ರೂಸ್‌ವೆಲ್ಟ್ ಕಾಲದಲ್ಲಿ ಆರಂಭವಾದ ಸರ್ಕಾರಿ ಯೋಜನೆ 1996ರಲ್ಲಿ ‘ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ’ ಎಂಬ ಸ್ವತಂತ್ರ ಸಂಸ್ಥೆಯಾಯಿತು. ಗ್ರೀಸ್, ಡೆನ್ಮಾರ್ಕ್, ಫಿಲಿಪ್ಪೀನ್ಸ್ ಸೇನೆಗಳಿಂದ ವಾಪಸ್ ಬಂದ ಎಂ1 ಗರಾಂಡ್ ರೈಫಲ್‌ಗಳನ್ನು ಅದು ಮಾರುತ್ತದೆ. ಕೊಳ್ಳುವವರು ಶೂಟಿಂಗ್ ಕ್ಲಬ್ಬಿನ ಸದಸ್ಯರಾಗಿರಬೇಕು. ಈರಿ ಸರೋವರದ ದಡದ ಕ್ಯಾಂಪ್ ಪೆರಿಯಲ್ಲಿ ಪ್ರತಿ ಬೇಸಿಗೆ ನಡೆಯುವ ಸ್ಪರ್ಧೆಗಳಲ್ಲಿ ಹಳೇ ರೈಫಲ್‌ಗಳಿಗೇ ಬೇರೆ ಸುತ್ತುಗಳಿವೆ. 200 ಗಜ ದೂರ, ಸೇನೆ ಕೊಟ್ಟಾಗ ಇದ್ದ ರೂಪವೇ ಇರಬೇಕು. ಎಂಟನೆಯ ಗುಂಡು ಹಾರುತ್ತಿದ್ದಂತೆ ಗರಾಂಡ್‌ನ ಖಾಲಿ ಕ್ಲಿಪ್ ‘ಟಿಣ್’ ಎಂದು ಹೊರಚಿಮ್ಮುವುದನ್ನು ಕೇಳಲೆಂದೇ ಬರುವವರಿದ್ದಾರೆ.

ಸುಗ್ಗಿ ಈಗ ಮುಗಿಯುತ್ತ ಬಂದಿದೆ. ನೂರು ಡಾಲರಿನ ಮೊಸಿನ್ ಇವತ್ತು ಹಲವು ನೂರು ಕೇಳುತ್ತದೆ. ಸೇನೆಗಳು ಬೋಲ್ಟ್ ರೈಫಲ್ ಬಿಟ್ಟು ಸ್ವಯಂಚಾಲಿತಕ್ಕೆ ಹೋಗಿ ಅರ್ಧ ಶತಮಾನ ದಾಟಿತು. ಆ ಸ್ವಯಂಚಾಲಿತ ರೈಫಲ್‌ಗಳು ನಿವೃತ್ತವಾದರೂ ಇಡಿಯಾಗಿ ಮಾರುಕಟ್ಟೆಗೆ ಬರಲು ಅಮೆರಿಕದ ಕಾನೂನೂ ಬಿಡುವುದಿಲ್ಲ.

ಭಾರತದಲ್ಲಿ ಕತೆ ಬೇರೆ. ಉತ್ತರ ಪ್ರದೇಶ ಪೊಲೀಸರು 2020ರ ಗಣರಾಜ್ಯೋತ್ಸವದ ಹೊತ್ತಿಗೆ ತ್ರೀ ನಾಟ್ ತ್ರೀಗೆ ವಿಧ್ಯುಕ್ತವಾಗಿ ವಿದಾಯ ಹೇಳಿದರು. ಅದನ್ನು ನಾಗರಿಕರು ಕೊಳ್ಳುವಂತಿಲ್ಲ, ಅದು ‘ಪ್ರೊಹಿಬಿಟೆಡ್ ಬೋರ್’. ಸೇನೆಯ ತೋಟಾ ಜನರ ಕೈಗೆ ಹೋಗಬಾರದೆಂಬ ಎಚ್ಚರ ಬ್ರಿಟಿಷರ ಕಾಲದ್ದು. ಅದರ ಫಲವಾಗಿ ಹುಟ್ಟಿದ್ದು .315 ಸ್ಪೋರ್ಟಿಂಗ್ ರೈಫಲ್: ಬೋಲ್ಟು ಅದೇ ಲೀಯದು, ತೋಟಾ ಮಾತ್ರ ಬೇರೆ. ಲೈಸೆನ್ಸ್ ಇದ್ದವರಿಗೆಂದು ಅದನ್ನು ತಯಾರಿಸಿದ್ದೂ ಇಶಾಪುರವೇ. ಕೊಡಗಿನ ಕೋವಿಯ ಹಾದಿ ಇನ್ನೊಂದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಉಂಟು. ಕೈಲ್ ಮುಹೂರ್ತ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು. ಅಲ್ಲಿ ಮರ್ಯಾದೆ ಮನೆತನದ ಕೋವಿಗೇ ಹೊರತು ಸೇನೆ ಬಿಸಾಕಿದ ಮಾಲಿಗಲ್ಲ.

ಹಳೆಯದನ್ನು ಕೂಡಿಡುವ ಆಸೆ ದೇಶದ ಉಳಿದವರಿಗೂ ಇರಬಹುದು, ಆದರೆ ಅದಕ್ಕೆ ಜಾಗ ಕಡಿಮೆಯಾಗುತ್ತಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದದ್ದೂ ಆ ಲೆಕ್ಕದೊಳಗೇ. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕಾಯಿತು.