ಸ್ವತಂತ್ರ ತಂತ್ರಾಂಶವೂ ನಕಲಿನ ಕಾನೂನೂ

ಮನೆಗೆ ಕಂಪ್ಯೂಟರ್ ಕೊಂಡಾಗ ಅಂಗಡಿಯವನು ಪತ್ರ ಬರೆಯುವುದಕ್ಕೊಂದು, ಲೆಕ್ಕ ಇಡುವುದಕ್ಕೊಂದು, ಚಿತ್ರ ತಿದ್ದುವುದಕ್ಕೊಂದು ಎಂದು ನಾಲ್ಕಾರು ತಂತ್ರಾಂಶಗಳನ್ನು ತುಂಬಿಕೊಡುವುದು ನಮ್ಮ ಊರುಗಳಲ್ಲಿ ಬಹುಕಾಲದ ರೂಢಿ. ಅವುಗಳಲ್ಲಿ ಬೆಲೆ ಕೊಟ್ಟು ತಂದದ್ದು ಯಾವುದು, ಕದ್ದು ನಕಲು ಮಾಡಿದ್ದು ಯಾವುದು, ಯಾರು ಬೇಕಾದರೂ ನಕಲು ಮಾಡಿಕೊಳ್ಳಿರೆಂದು ಕರ್ತೃವೇ ಬಿಟ್ಟುಕೊಟ್ಟದ್ದು ಯಾವುದು ಎಂದು ಕೇಳುವವರು ಕಡಮೆ. ತೆರೆಯ ಮೇಲೆ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ. ಆದಕಾರಣ ಕಾಸಿಲ್ಲದೆ ಬಂದದ್ದೆಲ್ಲ ಒಂದೇ ಜಾತಿಯದೆಂಬ ಭಾವನೆ ಜನರಲ್ಲಿ ಬೇರೂರಿದೆ. ಕಾನೂನಿನ ಕಣ್ಣಿಗಾದರೋ ಎರಡನೆಯದಕ್ಕೂ ಮೂರನೆಯದಕ್ಕೂ ಹಗಲಿರುಳಿನ ಅಂತರ.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1984ರಲ್ಲಿ ಆದ ತಿದ್ದುಪಡಿಯಿಂದ ತಂತ್ರಾಂಶವೂ ಸಾಹಿತ್ಯಕೃತಿಗಳ ಸಾಲಿಗೆ ಸೇರಿತು. ಕಾದಂಬರಿಯನ್ನು ಲೇಖಕನ ಅಪ್ಪಣೆಯಿಲ್ಲದೆ ಅಚ್ಚು ಹಾಕಿಸುವಂತಿಲ್ಲವಷ್ಟೆ, ಇದೂ ಹಾಗೆಯೇ. 1994ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಕಳ್ಳ ಪ್ರತಿಯೆಂದು ತಿಳಿದೂ ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸಿದವನಿಗೆ ಏಳು ದಿನಕ್ಕೆ ಕಡಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿನಿಂದ ಎರಡು ಲಕ್ಷದವರೆಗೆ ದಂಡ ಎಂದು ವಿಧಿಸಿತು. ವ್ಯಾಪಾರದ ಲಾಭಕ್ಕಾಗಿ ಬಳಸದಿದ್ದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟು ಬರಿಯ ದಂಡ ಹಾಕಬಹುದು. ಸರಿಯಾಗಿ ಕೊಂಡವನು ಕೆಟ್ಟುಹೋದೀತೆಂಬ ಭಯಕ್ಕೆ ಒಂದು ಮೀಸಲು ಪ್ರತಿ ಮಾಡಿಟ್ಟುಕೊಳ್ಳುವುದಕ್ಕೆ ಮಾತ್ರ ಇದೇ ಕಾನೂನು ಒಪ್ಪಿಗೆ ಕೊಟ್ಟಿದೆ.

ಇನ್ನು ಮೂರನೆಯ ಬಗೆ. ಹಳೆಯ ವಾಲ್ವ್ ರೇಡಿಯೋ ಕಂಡವರಿಗೆ ನೆನಪಿರಬಹುದು: ಹಿಂಬದಿಯ ಹಲಗೆ ಬಿಚ್ಚಿದರೆ ಕೆಲವು ಪೆಟ್ಟಿಗೆಗಳಲ್ಲಿ ಸರ್ಕ್ಯೂಟಿನ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಊರಿನ ರಿಪೇರಿಯವನು ಅದನ್ನು ನೋಡಿ ಕೆಟ್ಟ ಜಾಗವನ್ನು ಹುಡುಕುತ್ತಿದ್ದ. ತಂತ್ರಾಂಶಕ್ಕೂ ಅಂಥದೊಂದು ನಕ್ಷೆಯುಂಟು. ಅದನ್ನು ಮೂಲ ಬರಹವೆನ್ನೋಣ. ಮಾರಾಟದ ತಂತ್ರಾಂಶಗಳಲ್ಲಿ ಅದನ್ನು ಸಾಮಾನ್ಯವಾಗಿ ಬಚ್ಚಿಡುತ್ತಾರೆ.

1980ರ ಸುಮಾರಿನಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಪ್ರಯೋಗಶಾಲೆಯೊಂದರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬವರಿದ್ದರು. ಅಲ್ಲಿಗೆ ಬಂದ ಹೊಸ ಮುದ್ರಣಯಂತ್ರದಲ್ಲಿ ಕಾಗದ ಮೇಲಿಂದ ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗಲೆಲ್ಲ ಕಾದಿರುವವರಿಗೆ ಸುದ್ದಿ ಮುಟ್ಟುವಂತೆ ತಂತ್ರಾಂಶವನ್ನು ತಿದ್ದೋಣವೆಂದು ಇವರ ಯೋಚನೆ. ಆದರೆ ಮೂಲ ಬರಹ ಕೈಯಲ್ಲಿದ್ದವರು ಅದನ್ನು ಯಾರಿಗೂ ತೋರಿಸುವುದಿಲ್ಲವೆಂದು ಕರಾರು ಮಾಡಿಕೊಂಡಿದ್ದರು. ಆ ಮುನಿಸು ಬಲಿತು 1983ರಲ್ಲಿ ಗ್ನೂ ಎಂಬ ಯೋಜನೆಯಾಯಿತು. ಬಳಸುವವನಿಗೆ ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ನಡೆಸುವ, ಒಳಗನ್ನು ಓದಿ ತಿದ್ದಿಕೊಳ್ಳುವ, ಪ್ರತಿ ಮಾಡಿ ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಇರಬೇಕೆಂಬುದು ಅದರ ಸಾರ. ಹಣಕ್ಕೆ ಮಾರಲೂ ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ ಬಿಟ್ಟಿಗೂ ಸ್ವತಂತ್ರಕ್ಕೂ ‘ಫ್ರೀ’ ಎಂಬ ಒಂದೇ ಮಾತು; ಅದರಿಂದ ಆದ ಗಲಿಬಿಲಿ ಅಷ್ಟಿಷ್ಟಲ್ಲ. ಕನ್ನಡದಲ್ಲಿ ಎರಡು ಮಾತುಗಳಿವೆ, ಆದರೂ ನಾವು ಅದೇ ಗಲಿಬಿಲಿಯನ್ನು ಎರವಲು ತಂದಿದ್ದೇವೆ.

ಸ್ಟಾಲ್ಮನ್ನರ ಜಾಣತನವಿರುವುದು 1989ರಲ್ಲಿ ಅವರು ಹೊರಡಿಸಿದ ಪರವಾನಗಿಯಲ್ಲಿ. ಕೃತಿಸ್ವಾಮ್ಯವನ್ನು ಅವರು ಬಿಸಾಡಲಿಲ್ಲ. ಅದನ್ನೇ ಬೇಲಿ ಮಾಡಿಕೊಂಡರು. “ಇದು ನನ್ನ ಕೃತಿ. ಬೇಕಾದಷ್ಟು ನಕಲು ಮಾಡು. ಆದರೆ ಇನ್ನೊಬ್ಬನಿಗೆ ಕೊಡುವಾಗ ಮೂಲ ಬರಹವನ್ನೂ ಕೊಡು, ನಿನಗಿರುವ ಸ್ವಾತಂತ್ರ್ಯವನ್ನು ಅವನಿಗೂ ಬಿಡು” ಎಂಬುದು ಅದರ ತಾತ್ಪರ್ಯ. ಷರತ್ತು ಮುರಿದರೆ ಅಪ್ಪಣೆ ರದ್ದು. ಆಮೇಲೆ ಹಂಚಿದವನು ಕೃತಿಚೋರರ ಸಾಲಿಗೇ ಸೇರುತ್ತಾನೆ. ಇದು ಬರಿಯ ಕಾಗದದ ಮಾತಲ್ಲವೆಂದು 2004ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯ ತೋರಿಸಿತು. ಸ್ವತಂತ್ರ ತಂತ್ರಾಂಶವನ್ನು ತನ್ನ ಉಪಕರಣದೊಳಗಿಟ್ಟು ಮಾರುತ್ತ ಷರತ್ತನ್ನು ಪಾಲಿಸದ ಕಂಪನಿಯೊಂದಕ್ಕೆ ಅದು ತಡೆಯಾಜ್ಞೆ ಕೊಟ್ಟಿತು. (ಎಲ್ಲ ಸ್ವತಂತ್ರ ತಂತ್ರಾಂಶಗಳ ಪರವಾನಗಿಯೂ ಇಷ್ಟು ಬಿಗಿಯಾಗಿಲ್ಲವೆಂಬುದನ್ನೂ ಹೇಳಬೇಕು.)

ಸ್ವೀಡನ್ನಿನಲ್ಲಿ 2006ರಲ್ಲಿ ‘ಪೈರೇಟ್ ಪಾರ್ಟಿ’, ಎಂದರೆ ಕಡಲುಗಳ್ಳರ ಪಕ್ಷವೆಂಬ ಹೆಸರಿನ ರಾಜಕೀಯ ಪಕ್ಷವೇ ಹುಟ್ಟಿತು. ಖಾಸಗಿ ನಕಲು ತಪ್ಪಾಗಬಾರದು, ಕೃತಿಸ್ವಾಮ್ಯ ಐದೇ ವರ್ಷಕ್ಕೆ ಮುಗಿಯಬೇಕು ಎಂಬುದು ಅದರ ಬೇಡಿಕೆ. 2009ರಲ್ಲಿ ಅದು ಯೂರೋಪಿನ ಸಂಸತ್ತಿಗೂ ಪ್ರವೇಶಿಸಿತು. ಸ್ಟಾಲ್ಮನ್ನರು ಚಪ್ಪಾಳೆ ತಟ್ಟಿಯಾರೆಂದು ಎಣಿಸುವುದು ಸಹಜ. ಏಕೆಂದರೆ ನಕಲನ್ನು ಕಡಲುಗಳ್ಳತನವೆಂದು ಕರೆಯುವುದೇ ಅನ್ಯಾಯವೆಂದು ಅವರ ಮತ. ಆದರೆ ಅದೇ ವರ್ಷ ಅವರು ಈ ಐದು ವರ್ಷದ ಸೂಚನೆಗೆ ಆಕ್ಷೇಪವೆತ್ತಿ ಬರೆದರು. ಐದು ವರ್ಷವಾದ ಮೇಲೆ ತಮ್ಮ ಬೇಲಿ ಬೀಳುತ್ತದೆ. ಬಚ್ಚಿಟ್ಟು ಮಾರುವ ಕಂಪನಿ ಒಳನುಗ್ಗಿ ಬೇಕಾದದ್ದನ್ನು ಒಯ್ಯಬಹುದು. ಆ ಕಂಪನಿಯ ಮೂಲ ಬರಹವೋ, ಕೃತಿಸ್ವಾಮ್ಯ ಮುಗಿದರೂ ಬೀಗದೊಳಗೇ ಇರುತ್ತದೆ. ಕಂಪನಿಗಳು ಮೂಲ ಬರಹವನ್ನು ಮೊದಲೇ ಒಂದೆಡೆ ಠೇವಣಿ ಇಡಲಿ, ಅವಧಿ ಮುಗಿದಾಗ ಅದು ಹೊರಬರಲಿ ಎಂಬುದು ಅವರ ಪ್ರತಿಸೂಚನೆಗಳಲ್ಲಿ ಒಂದು. ಈ ವಾದವನ್ನು ಓದಿದವರಿಗೆ ಸ್ವತಂತ್ರ ತಂತ್ರಾಂಶದವರೆಲ್ಲ ಕಾನೂನಿನ ವೈರಿಗಳೆಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ನಕಲು ತಡೆಯುವ ಹೊಸ ಕಾನೂನುಗಳೆಂದರೆ ಇವರು ಗೊಣಗುವುದೇಕೆ? ಒಂದು ಮೊಕದ್ದಮೆ ನೋಡಿ. ಸಿನಿಮಾದ ಡಿವಿಡಿ ತಟ್ಟೆಗಳಿಗೆ ಕಂಪನಿಗಳು ಗುಪ್ತಲಿಪಿಯ ಬೀಗ ಹಾಕಿದ್ದವು. ಲಿನಕ್ಸ್ ಬಳಸುವವನು ಪೂರ್ಣ ಬೆಲೆ ಕೊಟ್ಟು ತಟ್ಟೆ ಕೊಂಡರೂ ತನ್ನ ಯಂತ್ರದಲ್ಲಿ ಚಿತ್ರ ನೋಡುವಂತಿರಲಿಲ್ಲ. 1999ರಲ್ಲಿ ನಾರ್ವೆಯ ಹದಿನೈದು ವರ್ಷದ ಹುಡುಗ ಯೋನ್ ಯೋಹಾನ್ಸೆನ್ ಮತ್ತಿಬ್ಬರೊಡನೆ ಸೇರಿ ಆ ಬೀಗ ತೆಗೆಯುವ ತಂತ್ರಾಂಶವನ್ನು ಹೊರಬಿಟ್ಟ. ಕಳ್ಳ ಪ್ರತಿ ಮಾಡುವವರಿಗೆ ಇದು ಉಪಯೋಗವಾಗದೆ ಇರದು ಎಂಬುದು ಚಿತ್ರೋದ್ಯಮದ ದೂರು, ಅದರಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಅಮೆರಿಕದ 1998ರ ಕಾನೂನು ಇಂಥ ಬೀಗ ಮುರಿಯುವ ಸಾಧನವನ್ನು ಹಂಚುವುದನ್ನೇ ನಿಷೇಧಿಸಿತ್ತು. ಅದರಂತೆ 2000ದಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅಲ್ಲಿಯ ಪತ್ರಿಕೆಯೊಂದು ಆ ತಂತ್ರಾಂಶವನ್ನು ಪ್ರಕಟಿಸದಂತೆ ತಡೆಯಿತು. ನಾರ್ವೆಯ ನ್ಯಾಯಾಲಯಗಳು 2003ರಲ್ಲಿ ಎರಡು ಸಲವೂ ಯೋಹಾನ್ಸೆನ್ ನಿರಪರಾಧಿಯೆಂದವು. ಹಣ ಕೊಟ್ಟು ಕೊಂಡ ತಟ್ಟೆಯನ್ನು ನೋಡುವ ಹಕ್ಕು ಕೊಂಡವನಿಗಿದೆಯೆಂದು ಅವುಗಳ ನಿಲುವು.

ಭಾರತವು 2012ರಲ್ಲಿ ಇಂಥದೇ ವಿಧಿಯನ್ನು ತಂದಾಗ ‘ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ’ ಬೀಗ ಮುರಿದವನಿಗೆ ಮಾತ್ರ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡವೆಂದಿತು. ಉದ್ದೇಶವೆಂಬ ಆ ಒಂದು ಪದದ ಬೆಲೆ ದೊಡ್ಡದು. ನನ್ನ ಅಭಿಪ್ರಾಯದಲ್ಲಿ ನಮ್ಮ ವಿಧಿ ಅಮೆರಿಕದ್ದಕ್ಕಿಂತ ನ್ಯಾಯವಾದದ್ದು.

ತಾಣಗಳಿಗೆ ಸಗಟಾಗಿ ಬಾಗಿಲು ಹಾಕುವುದು ಮತ್ತೊಂದು ದೂರು. ಅಮೆರಿಕದ ಸಂಸತ್ತಿನಲ್ಲಿ 2011ರಲ್ಲಿ ಬಂದ ಇಂಥ ಮಸೂದೆಯನ್ನು ವಿರೋಧಿಸಿ 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಇಡೀ ದಿನ ಕತ್ತಲಾಯಿತು. ಎರಡು ದಿನಗಳಲ್ಲಿ ಮಸೂದೆ ಮೂಲೆಗೆ ಸರಿಯಿತು. ನಮ್ಮಲ್ಲಿ 2017ರ ಆಗಸ್ಟಿನಲ್ಲಿ ಎರಡು ಹಿಂದಿ ಚಿತ್ರಗಳ ಕಳ್ಳ ಪ್ರತಿ ತಡೆಯಲೆಂದು ಮದರಾಸು ಉಚ್ಚ ನ್ಯಾಯಾಲಯ ಕೊಟ್ಟ ಆಜ್ಞೆಗಳಲ್ಲಿ ಎರಡೂವರೆ ಸಾವಿರಕ್ಕೂ ಮಿಕ್ಕ ತಾಣಗಳ ಪಟ್ಟಿಯಿತ್ತು. ಅದರಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಭಂಡಾರವೂ ಸಿಕ್ಕಿಬಿದ್ದು ಕೆಲಕಾಲ ಮುಚ್ಚಿಹೋಯಿತು. ಅಂಗಡಿಗಳಲ್ಲಿ ಸಿಗದ ಎಷ್ಟೋ ಹಳೆಯ ಕನ್ನಡ ಪುಸ್ತಕಗಳನ್ನು ನಮ್ಮವರು ಓದುವುದು ಅಲ್ಲಿಯೇ.

ಬಳಸುವವರ ಕಡೆಯ ನೆಪವನ್ನೂ ನೋಡೋಣ. ಬೆಲೆ ಕೈಗೆಟುಕದು, ಅದಕ್ಕೇ ಕಳ್ಳ ಪ್ರತಿ ಎನ್ನುತ್ತಾರೆ. ಪತ್ರ, ಲೆಕ್ಕಗಳಿಗೆ ಕನ್ನಡದಲ್ಲಿಯೂ ಕೆಲಸ ಮಾಡುವ ಲಿಬ್ರೆಆಫೀಸ್, ಚಿತ್ರಕ್ಕೆ ಗಿಂಪ್, ಹಾಡು ಸಿನಿಮಾಗಳಿಗೆ ವಿಎಲ್‌ಸಿ ಕಾಸಿಲ್ಲದೆ ಸಿಗುವಾಗ ಮನೆವಾರ್ತೆಯವರಿಗೆ ಈ ಮಾತು ಒಪ್ಪುವುದಿಲ್ಲ. ಅಚ್ಚುಕೂಟದವರ ಕಷ್ಟ ಬೇರೆ: ಗಿರಾಕಿ ತಂದ ಕಡತ ಅವನು ಬಳಸಿದ ತಂತ್ರಾಂಶದಲ್ಲಿಯೇ ಸರಿಯಾಗಿ ತೆರೆಯಬೇಕು. ಆದರೆ ಅವರದು ವ್ಯಾಪಾರ. ದಂಡವೊಂದರಿಂದಲೇ ಪಾರಾಗುವ ರಿಯಾಯಿತಿ ಅವರಿಗಿಲ್ಲ.

ನಿಮ್ಮ ಕಂಪ್ಯೂಟರಿನಲ್ಲಿರುವುದು ಯಾವ ಜಾತಿಯದೆಂದು ತಿಳಿಯಬೇಕಾದರೆ ತಂತ್ರಾಂಶವನ್ನು ತೆರೆದು ‘ಹೆಲ್ಪ್’ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೊನೆಗಿರುವ ‘ಅಬೌಟ್’ ಎಂಬುದನ್ನು ಒತ್ತಿ. ಪರವಾನಗಿಯ ಹೆಸರು ಬಹುಮಟ್ಟಿಗೆ ಅಲ್ಲಿಯೇ ಬರೆದಿರುತ್ತದೆ.