ಪುಟ್ಟ ಬಸ್ ನಿಲ್ದಾಣದ ಲೆಕ್ಕಾಚಾರ

ಮೈಸೂರಿನ ನಗರ ಬಸ್ ಮಾರ್ಗಗಳಲ್ಲಿ ಬಹುಪಾಲು, ಚಕ್ರದ ಅರಗಳು ಗುಂಬಕ್ಕೆ ಸೇರುವಂತೆ, ಅರಮನೆಯ ಬಳಿಯ ನಗರ ನಿಲ್ದಾಣಕ್ಕೆ ಬಂದು ಸೇರುತ್ತವೆ. ವಿಜಯದಶಮಿಯಂದು ಜಂಬೂ ಸವಾರಿ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆಯ ಮೂಲಕ ಬನ್ನಿಮಂಟಪಕ್ಕೆ ಸಾಗುವಾಗ ಆ ಗುಂಬದ ಸುತ್ತಲೇ ವಾಹನಗಳಿಗೆ ನಿರ್ಬಂಧ. ಪ್ರವಾಸಿಗರು ಕಿಕ್ಕಿರಿಯುವ ದಿನವೇ ಹೀಗೆ! ಅಂಚಿನ ಬಡಾವಣೆಗಳಲ್ಲಿ ಬಸ್ಸು ಬದಲಿಸಲು ಪುಟ್ಟ ನಿಲ್ದಾಣಗಳಿದ್ದರೆ ಈ ತೊಡಕು ಕಡಿಮೆಯಾಗುತ್ತದೆ.

ನಗರದ ವಾಯವ್ಯದಲ್ಲಿರುವ ಕುಂಬಾರಕೊಪ್ಪಲನ್ನೇ ತೆಗೆದುಕೊಳ್ಳೋಣ. ಒಂದು ಕಡೆ ಮೇಟಗಳ್ಳಿ, ಇನ್ನೊಂದು ಕಡೆ ಹೆಬ್ಬಾಳು ಕೈಗಾರಿಕಾ ಪ್ರದೇಶ. ಬೃಂದಾವನಕ್ಕೆ ಹೋಗುವ ಕೆ.ಆರ್.ಎಸ್. ರಸ್ತೆಯೂ ಸಮೀಪ. ಕಾರ್ಖಾನೆಗೆ ಹೋಗುವವರು, ಪ್ರವಾಸಿಗರು ಇಬ್ಬರಿಗೂ ಸಲ್ಲುವ ಜಾಗ. ಇಲ್ಲಿ ಎಷ್ಟು ಅಂಕಣಗಳು ಬೇಕು?

ಗಂಟೆಗೆ 12 ಬಸ್ಸುಗಳು ಬಂದು, ಒಂದೊಂದೂ 4 ನಿಮಿಷ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಯಾವುದೇ ಕ್ಷಣದಲ್ಲಿ ಅಲ್ಲಿರುವ ಬಸ್ಸುಗಳ ಸರಾಸರಿ 12 × 4 ÷ 60 = 0.8. ಬಸ್ಸುಗಳು ಯಾದೃಚ್ಛಿಕವಾಗಿ ಬಂದರೂ ಎರಡಕ್ಕಿಂತ ಹೆಚ್ಚು ಬಸ್ಸುಗಳು ಒಟ್ಟಿಗೆ ಇರುವ ಸಂಭಾವ್ಯತೆ ಸುಮಾರು 5 ಶೇಕಡ ಮಾತ್ರ. ಎರಡು ಅಂಕಣ ಸಾಕು. ಚಾಲಕರ ಚಹಾ ವಿರಾಮವೂ ಸೇರಿ 15 ನಿಮಿಷ ನಿಂತರೆ ಸರಾಸರಿಯೇ 3 ಆಗುತ್ತದೆ. ವಿರಾಮಕ್ಕೆ ಬೇರೆ ಜಾಗ ಕೊಡುವುದೇ ಅಗ್ಗ.

ಇನ್ನು ಕಾಯುವವರ ಪಾಡು. ಸರಿಯಾಗಿ 15 ನಿಮಿಷಕ್ಕೊಂದು ಬಸ್ಸು ಬಂದರೆ ಸರಾಸರಿ ಕಾಯುವ ಅವಧಿ 7.5 ನಿಮಿಷ. ಅಷ್ಟೇ ಬಸ್ಸುಗಳು 5 ಮತ್ತು 25 ನಿಮಿಷಗಳ ಅಂತರದಲ್ಲಿ ಒಂದಾದ ಮೇಲೊಂದರಂತೆ ಬಂದರೆ? ಅದೂ 7.5 ಎನ್ನುವ ವಿದ್ಯಾರ್ಥಿಗಳೇ ಹೆಚ್ಚು. ಆದರೆ ಆರರಲ್ಲಿ ಐದು ಮಂದಿ ಬಂದು ನಿಲ್ಲುವುದು ಉದ್ದನೆಯ ಅಂತರದಲ್ಲಿ! ಅವರು ಸರಾಸರಿ 12.5 ನಿಮಿಷ, ಉಳಿದವರು 2.5 ನಿಮಿಷ ಕಾಯುತ್ತಾರೆ. ಒಟ್ಟು ಸರಾಸರಿ ಸುಮಾರು 10.8. ನಿಮಿಷಕ್ಕೆ 6 ಜನ ಬರುವಲ್ಲಿ 45ರ ಬದಲು 65 ಮಂದಿಗೆ ಸೂರು ಬೇಕು. ಬಸ್ಸೊಂದನ್ನೂ ಕಡಿಮೆ ಮಾಡದೆ ಆದ ನಷ್ಟವಿದು.

ಅಂತರ ಕೆಡುವುದೇಕೆ? ತಡವಾದ ಬಸ್ಸಿಗೆ ನಿಲ್ದಾಣದಲ್ಲಿ ಹೆಚ್ಚು ಜನ ಸೇರಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಅದು ಮತ್ತಷ್ಟು ತಡ. ಹಿಂದಿನದಕ್ಕೆ ಜನ ಕಡಿಮೆ, ಅದು ಬೇಗ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ಈ ಅಸ್ಥಿರತೆಯನ್ನು 1964ರಲ್ಲಿ ನ್ಯೂವೆಲ್ ಮತ್ತು ಪಾಟ್ಸ್ ಗಣಿತದಿಂದ ವಿವರಿಸಿದರು. ಪ್ರವಾಸಿಗರ ಊರಿನಲ್ಲಿ ಇದು ಇನ್ನೂ ತೀವ್ರ: ಗಂಟುಮೂಟೆ, "ಎಲ್ಲಿ ಇಳಿಯಬೇಕು?" ಎಂಬ ಪ್ರಶ್ನೆ, ಚಿಲ್ಲರೆಯ ಚರ್ಚೆ, ಎಲ್ಲವೂ ಹತ್ತುವ ಸಮಯಕ್ಕೆ ಸೇರುತ್ತವೆ. ಮೈಸೂರಿನಲ್ಲಿ 2012ರಲ್ಲಿ ಬಂದ, ಬಸ್ಸಿನ ಸಮಯ ತೋರಿಸುವ ವಿದ್ಯುನ್ಮಾನ ಫಲಕಗಳ ಉಪಯೋಗ ಇಲ್ಲಿ ತಿಳಿಯುತ್ತದೆ. ಬಾಗಿಲಲ್ಲಿ ಕೇಳುವ ಪ್ರಶ್ನೆಗೆ ನಿಲ್ದಾಣದಲ್ಲೇ ಉತ್ತರ ಸಿಕ್ಕರೆ ಬಸ್ಸು ಬೇಗ ಹೊರಡುತ್ತದೆ.

ಪುಟ್ಟ ನಿಲ್ದಾಣದ ಮುಖ್ಯ ಕೆಲಸ, ನನ್ನ ಎಣಿಕೆಯಲ್ಲಿ, ಈ ಅಂತರವನ್ನು ಮತ್ತೆ ಸರಿಪಡಿಸುವುದು. ಬೇಗ ಬಂದ ಬಸ್ಸನ್ನು ಒಂದೆರಡು ನಿಮಿಷ ತಡೆದು ಬಿಡಬೇಕು. ಒಳಗೆ ಕುಳಿತವರು ಗೊಣಗುತ್ತಾರೆ, ನಿಜ. ಆದ್ದರಿಂದ ಹೆಚ್ಚು ಮಂದಿ ಇಳಿದು ಹತ್ತುವ ಜಾಗದಲ್ಲೇ, ಅಂದರೆ ಬಸ್ಸು ಬಹುಪಾಲು ಖಾಲಿಯಾಗುವಲ್ಲೇ, ತಡೆಯಬೇಕು.

ಮೂರನೆಯ ಅಂಕಣದಿಂದ ಉಳಿದ ಜಾಗ ಸೈಕಲ್ಲಿಗಾಗಲಿ. ಮೈಸೂರಿನಲ್ಲಿ 2017ರಲ್ಲಿ ಸುಮಾರು 450 ಸೈಕಲ್ಲುಗಳೊಂದಿಗೆ 'ಟ್ರಿಣ್ ಟ್ರಿಣ್' ಆರಂಭವಾಯಿತು. ಇಂಥ ಯೋಜನೆಗಳಲ್ಲೂ ಸಮತೋಲನದ್ದೇ ಪೇಚು: ದಿಬ್ಬದ ಮೇಲಿನ ನಿಲ್ದಾಣ ಖಾಲಿ, ಇಳಿಜಾರಿನ ಕೆಳಗೆ ಸೈಕಲ್ಲುಗಳ ರಾಶಿ. ಅವನ್ನು ಮತ್ತೆ ಮೇಲೇರಿಸುವುದು ವಾಹನದಲ್ಲಿ, ಡೀಸೆಲ್ ಖರ್ಚಿನಲ್ಲಿ.